ಒಂದೇ ಚಿತ್ರಕ್ಕೆ ಎರಡು ಗ್ರೇಡಿಯೆಂಟ್ ಮಾಸ್ಕ್

ಹಂಪಿಯ ಮತಂಗ ಬೆಟ್ಟದ ಮೇಲೆ ನಿಂತು ಸೂರ್ಯೋದಯದ ಚಿತ್ರ ತೆಗೆದವರಿಗೆ ಈ ತೊಡಕು ಪರಿಚಿತ. ಕಣ್ಣಿಗೆ ಹೊಂಬಣ್ಣವಾಗಿ ಕಂಡ ಆಕಾಶ ಚಿತ್ರದಲ್ಲಿ ಬಿಳಿಚಿಕೊಂಡಿರುತ್ತದೆ. ಅದನ್ನು ಗಾಢವಾಗಿಸಲು ಹೊರಟರೆ ಪಕ್ಕದ ಬಂಡೆಗಳೂ ಕತ್ತಲಲ್ಲಿ ಮುಳುಗುತ್ತವೆ. ಫೋಟೊಶಾಪ್‌ನಂತಹ ತಂತ್ರಾಂಶಗಳಲ್ಲಿ ಇದಕ್ಕೊಂದು ಪರಿಹಾರವೆಂದರೆ ಒಂದಕ್ಕಿಂತ ಹೆಚ್ಚು ಗ್ರೇಡಿಯೆಂಟ್ ಮಾಸ್ಕ್‌ಗಳ ಬಳಕೆ.

ಮಾಸ್ಕ್ ಎಂದರೆ ಪದರಕ್ಕೆ, ಅಂದರೆ ಲೇಯರ್‌ಗೆ, ಹೊದಿಸುವ ಕಪ್ಪು-ಬಿಳುಪಿನ ಮುಸುಕು. ಅದು ಬಿಳಿಯಾಗಿರುವಲ್ಲಿ ಪದರದ ಪರಿಣಾಮ ಪೂರ್ಣವಾಗಿ ಕಾಣುತ್ತದೆ. ಕಪ್ಪಾಗಿರುವಲ್ಲಿ ಕಾಣುವುದೇ ಇಲ್ಲ. ಬೂದು ಬಣ್ಣವಿರುವಲ್ಲಿ ಭಾಗಶಃ ಕಾಣುತ್ತದೆ. ಬಿಳುಪಿನಿಂದ ಕಪ್ಪಿಗೆ ನಯವಾಗಿ ಇಳಿಯುವ ಛಾಯೆಯೇ ಗ್ರೇಡಿಯೆಂಟ್.

ಮೊದಲು ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ ಇಡೀ ಚಿತ್ರವನ್ನು ಗಾಢಗೊಳಿಸಬೇಕು. ಅದರ ಮಾಸ್ಕ್ ಆಯ್ದುಕೊಂಡು, ಮೇಲೆ ಬಿಳುಪು, ಕೆಳಗೆ ಕಪ್ಪು ಬರುವಂತೆ ಗ್ರೇಡಿಯೆಂಟ್ ಎಳೆದರೆ ಆಕಾಶ ಮಾತ್ರ ಗಾಢವಾಗಿ ಉಳಿಯುತ್ತದೆ. ಆದರೆ ಎಡಬದಿಯಲ್ಲಿ ಆಕಾಶದೆತ್ತರಕ್ಕೆ ಎದ್ದಿರುವ ಬಂಡೆಗಳೂ ಕಪ್ಪಾಗಿರುತ್ತವೆ. ಅವನ್ನು ಉಳಿಸಿಕೊಳ್ಳಲು ಎಡದಂಚಿನಿಂದ ಒಳಕ್ಕೆ ಕಪ್ಪಿನಿಂದ ಬಿಳುಪಿಗೆ ಸಾಗುವ ಇನ್ನೊಂದು ಗ್ರೇಡಿಯೆಂಟ್ ಬೇಕು.

ಹೊಸಬರು ಎಡವುವುದು ಇಲ್ಲಿಯೇ. ಎರಡನೆಯದನ್ನು ಎಳೆದೊಡನೆ ಮೊದಲನೆಯದು ಮಾಯವಾಗುತ್ತದೆ! ನಾರ್ಮಲ್ ಎಂಬ ಸಾಮಾನ್ಯ ವಿಧಾನದಲ್ಲಿ ಹೊಸ ಗ್ರೇಡಿಯೆಂಟ್ ಇಡೀ ಮಾಸ್ಕ್ ಅನ್ನು ಆವರಿಸಿಬಿಡುವುದೇ ಇದಕ್ಕೆ ಕಾರಣ. ಗ್ರೇಡಿಯೆಂಟ್ ಸಲಕರಣೆಯ ಮೋಡ್ ಅನ್ನು ಮಲ್ಟಿಪ್ಲೈಗೆ ಬದಲಿಸಿಕೊಂಡರೆ ಎರಡರ ಬೆಲೆಗಳೂ ಪರಸ್ಪರ ಗುಣಿಸಲ್ಪಡುತ್ತವೆ. ಎರಡೂ ಶೇ 50ರಷ್ಟು ಇರುವಲ್ಲಿ ಪರಿಣಾಮ ಶೇ 25ಕ್ಕೆ ಇಳಿಯುತ್ತದೆ. ಯಾವುದಾದರೊಂದು ಪೂರ್ತಿ ಕಪ್ಪಾಗಿರುವಲ್ಲಿ ಶೂನ್ಯವಾಗುತ್ತದೆ. ಪರಿಣಾಮವನ್ನು ತಗ್ಗಿಸುವ ಬದಲು ಮತ್ತೊಂದು ಭಾಗಕ್ಕೂ ವಿಸ್ತರಿಸಬೇಕಾದಾಗ ಸ್ಕ್ರೀನ್ ಮೋಡ್ ಬಳಸಬೇಕು. ಉಚಿತ ತಂತ್ರಾಂಶ ಗಿಂಪ್‌ನ ಗ್ರೇಡಿಯೆಂಟ್ ಸಲಕರಣೆಯಲ್ಲಿಯೂ ಈ ಮೋಡ್‌ಗಳಿವೆ.

ಆದರೆ ಹೀಗೆ ಬೆರೆತ ಗ್ರೇಡಿಯೆಂಟ್‌ಗಳನ್ನು ಮುಂದೆ ಬಿಡಿಸಲಾಗದು. ಬದಲಾವಣೆಗೆ ಅವಕಾಶವಿರಬೇಕೆಂದರೆ ಪದರವನ್ನು ಒಂದು ಗ್ರೂಪ್‌ನೊಳಗಿರಿಸಿ, ಎರಡನೆಯ ಗ್ರೇಡಿಯೆಂಟನ್ನು ಆ ಗ್ರೂಪ್‌ನ ಮಾಸ್ಕ್‌ಗೆ ಕೊಡುವುದು ಲೇಸು. ಫಲಿತಾಂಶ ಅದೇ, ಆದರೆ ಒಂದನ್ನು ಮುಟ್ಟದೆ ಇನ್ನೊಂದನ್ನು ತಿದ್ದಬಹುದು. ಲೈಟ್‌ರೂಮ್‌ನಲ್ಲಿ 2021ರ ಅಕ್ಟೋಬರ್‌ನಿಂದ ಮಾಸ್ಕ್‌ಗಳನ್ನು ಕೂಡಿಸುವ, ಕಳೆಯುವ ಹಾಗೂ ಅವು ಸಂಧಿಸುವ ಭಾಗವನ್ನಷ್ಟೇ ಉಳಿಸಿಕೊಳ್ಳುವ ಸೌಲಭ್ಯವಿದೆ.

ಇನ್ನೊಂದು ಎಚ್ಚರ ಅಗತ್ಯ. 8 ಬಿಟ್ ಚಿತ್ರದಲ್ಲಿ ಪ್ರತಿ ವರ್ಣವಾಹಿನಿಗೆ 256 ಹಂತಗಳಷ್ಟೇ ಇರುವುದರಿಂದ, ಹೆಚ್ಚು ತಿದ್ದಿದ ಆಕಾಶದಲ್ಲಿ ಪಟ್ಟೆಗಳು ಕಾಣಿಸಿಕೊಳ್ಳಬಹುದು. ರಾ ಕಡತವನ್ನು 16 ಬಿಟ್‌ನಲ್ಲಿ ತೆರೆದು ಕೆಲಸ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಬಂಡೆಯ ಅಂಕುಡೊಂಕಾದ ಅಂಚನ್ನು ಗ್ರೇಡಿಯೆಂಟ್ ಅರಿಯದು. ಅಲ್ಲಿ ಉಳಿಯುವ ಕೊರತೆಯನ್ನು ಮೃದುವಾದ ಬ್ರಷ್‌ನಿಂದ ಕೈಯಾರೆ ಸರಿಪಡಿಸಬೇಕು. ತಪ್ಪಾದರೂ ಚಿಂತೆಯಿಲ್ಲ, ತಿದ್ದುಪಡಿಯೆಲ್ಲ ಮೇಲಿನ ಪದರದಲ್ಲಿರುವುದರಿಂದ ಕೆಳಗಿನ ಮೂಲಚಿತ್ರ ಇದ್ದಂತೆಯೇ ಇರುತ್ತದೆ.