ಅಂಟುಹಲಗೆಯ ಮೇಲಿನ ಜೀವ: ಹುಬ್ಬಳ್ಳಿಯ ಪ್ಲೇಗು ಮತ್ತು ನಮ್ಮ ಮನೆಯ ಇಲಿ

ಕಳೆದ ಚಾತುರ್ಮಾಸದಲ್ಲಿ ಒಂದು ದಿನ ಬೆಳಗಿನ ಪ್ರವಚನ ಮುಗಿದ ಮೇಲೆ ಕೇಶ್ವಾಪುರದ ಒಬ್ಬ ವಯೋವೃದ್ಧ ಶ್ರಾವಿಕೆ ನನ್ನನ್ನು ತಡೆದು ನಿಲ್ಲಿಸಿದರು. ಹಿಂದಿನ ರಾತ್ರಿ ಅವರ ಸೊಸೆ ಅಂಗಡಿಯಿಂದ ತಂದ ಅಂಟುಹಲಗೆಯೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಇರಿಸಿದ್ದರು. ನಸುಕಿನಲ್ಲಿ ನೋಡಿದರೆ ಒಂದು ಸಣ್ಣ ಇಲಿ ನಾಲ್ಕು ಕಾಲುಗಳನ್ನೂ ಅಂಟಿಸಿಕೊಂಡು ಅದರ ಮೇಲೆ ಬಿದ್ದಿದೆ. “ಸತ್ತಿಲ್ರೀ ಅಣ್ಣಾರ, ಇನ್ನೂ ಉಸಿರಾಡಾಕತ್ತೈತಿ. ಕಸದ ಡಬ್ಬ್ಯಾಗ ಹ್ಯಾಂಗ ಒಗೀಲಿ? ಹಂಗ ಬಿಟ್ರ ಹ್ಯಾಂಗ ನೋಡ್ಲಿ?” ಎಂದರು. ಅಡುಗೆಯ ಎಣ್ಣೆ ಸವರಿದರೆ ಅಂಟು ಸಡಿಲುತ್ತದೆ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಹೊರಡುವಾಗ ಇನ್ನೊಂದು ಮಾತು ಆಡಿದರು. “ಸೊಸಿ ಅಂತಾಳ, ಹಿಂದ ಪ್ಲೇಗು ಬಂದಾಗ ಇಲಿ ಕೊಲ್ಲದ ಊರು ಉಳೀತೇನು ಅಂತ. ಅದಕ್ಕೇನು ಹೇಳ್ಲಿ?”

ಆ ಸೊಸೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನೆಮಕ್ಕಳ ಆರೋಗ್ಯದ ಹೊಣೆ ಹೊತ್ತವಳ ಪ್ರಶ್ನೆಯದು. ಅದಕ್ಕೆ ಉತ್ತರವನ್ನು ಮೊದಲು ಇದೇ ಊರಿನ ಇತಿಹಾಸದಲ್ಲಿ ಹುಡುಕುವುದು ಉಚಿತ.

1896ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬಂದರಿಗೆ ಹತ್ತಿದ, ಧಾನ್ಯದ ವಖಾರಗಳಿಂದ ಕಿಕ್ಕಿರಿದ ಪ್ರದೇಶವದು. ಹುಬ್ಬಳ್ಳಿಯಾದರೋ ಹತ್ತಿಯ ಪೇಟೆ. 1880ರ ದಶಕದಲ್ಲಿ ರೈಲು ಬಂದ ಮೇಲೆ ಇಲ್ಲಿಯ ವ್ಯಾಪಾರವೂ ಜನವಸತಿಯೂ ಬೆಳೆದಿದ್ದವು. 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 60,214. ಹತ್ತಿಯ ಅಂಡಿಗೆ, ಕಾಳಿನ ಚೀಲ ಮತ್ತು ಪ್ರಯಾಣಿಕರ ಗಂಟುಮೂಟೆ ಸಾಗಿದ ದಾರಿಯಲ್ಲಿಯೇ ರೋಗವೂ ಸಾಗಿತು. 1898ರಲ್ಲಿ ಹುಬ್ಬಳ್ಳಿ ಅದರ ಪೂರ್ಣ ಹೊಡೆತಕ್ಕೆ ಸಿಕ್ಕಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೆ ಮುಟ್ಟಿದ ಪ್ಲೇಗು ಹುಬ್ಬಳ್ಳಿಯ ಕಡೆಯಿಂದಲೇ ರೈಲಿನಲ್ಲಿ ಹೋಯಿತು. ಇಂದು ನಿಲ್ದಾಣದ ಸಮೀಪದ ಕೇಶ್ವಾಪುರದಲ್ಲಿ ನಿಂತು ಗಾಡಿಯ ಸಿಳ್ಳನ್ನು ಕೇಳುವವರಿಗೆ ಈ ನಂಟು ನೆನಪಾಗುವುದು ಅಪರೂಪ.

ಮನೆಯಲ್ಲಿ ಇಲಿ ಸತ್ತು ಬೀಳತೊಡಗಿದರೆ ಮನುಷ್ಯರ ಸರದಿ ಹತ್ತಿರವಾಯಿತೆಂದು ನಮ್ಮ ಜನ ಬಲ್ಲವರಾಗಿದ್ದರು. ಕಾರಣ ತಿಳಿದಿರಲಿಲ್ಲ, ಆದರೆ ಸೂಚನೆ ತಿಳಿದಿತ್ತು. ಜಂತಿಯಿಂದ ಇಲಿ ಉದುರಿತೆಂದರೆ ಮನೆಗೆ ಬೀಗ ಹಾಕಿ, ಹೊಲದಲ್ಲಿ ತಟ್ಟಿಯ ಗುಡಿಸಲು ಕಟ್ಟಿ, ಗಂಟುಗದಡಿಯೊಡನೆ ಅಲ್ಲಿರುವುದು ರೂಢಿಯಾಯಿತು. ಆ ಗುಡಿಸಲುಗಳಲ್ಲಿ ಹುಟ್ಟಿದ ಮಕ್ಕಳ ಕಥೆಗಳು ಧಾರವಾಡ ಸೀಮೆಯ ಹಳೆಯ ಮನೆತನಗಳಲ್ಲಿ ಬಹುಕಾಲ ಕೇಳಿಬರುತ್ತಿದ್ದವು. ಸರಕಾರದ ಕಡೆಯಿಂದ ಮನೆಶೋಧ, ಪ್ರತ್ಯೇಕ ಶಿಬಿರ, ಸುಣ್ಣ ಬಳಿಯುವುದು, ಔಷಧ ಸಿಂಪಡಿಸುವುದು ನಡೆದವು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಕೊಟ್ಟ ಬಲವನ್ನು ಅವರು ಎಲ್ಲ ಕಡೆಯೂ ವಿವೇಕದಿಂದ ಬಳಸಲಿಲ್ಲವೆಂಬುದಕ್ಕೆ ಪುಣೆಯ ರ‍್ಯಾಂಡ್ ಕೊಲೆಯ ಪ್ರಕರಣವೇ ಸಾಕ್ಷಿ.

ಹುಬ್ಬಳ್ಳಿಯ ಹೆಸರು ವೈದ್ಯಕೀಯ ಇತಿಹಾಸದಲ್ಲಿ ಉಳಿದಿರುವುದು ಬೇರೊಂದು ಕಾರಣದಿಂದ. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಮರುವರ್ಷ ಆ ಲಸಿಕೆಯನ್ನು ಒಂದು ಊರಿನ ಬಹುಪಾಲು ಜನರಿಗೆ ಹಾಕಿದ್ದು ಹುಬ್ಬಳ್ಳಿಯಲ್ಲಿ. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ 35 ಸಾವಿರಕ್ಕೂ ಮಿಕ್ಕಿ ಜನ ಚುಚ್ಚಿಸಿಕೊಂಡರು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂಬ ಇಲ್ಲಿಯ ಅಂಕಿಗಳನ್ನು ಪ್ಲೇಗು ಆಯೋಗ ಪರಿಶೀಲಿಸಿತು. ಲೆಕ್ಕದ ವಿವರಗಳ ಬಗ್ಗೆ ತಕರಾರಿದ್ದರೂ ಲಸಿಕೆಯ ಪ್ರಯೋಜನವನ್ನು ಅದು ಅಲ್ಲಗಳೆಯಲಿಲ್ಲ.

ಇಲ್ಲಿ ವಾಚಕರಿಂದ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಆ ಲಸಿಕೆಯ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದುದು ಮಾಂಸದ ಸಾರಿನಲ್ಲಿ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಅವುಗಳ ಅಡಿಯಲ್ಲಿ ಅವು ಜೋತುಬಿದ್ದು ಬೆಳೆಯುತ್ತಿದ್ದವು. ಬೆಳೆದ ಮೇಲೆ ಕಾಯಿಸಿ ಕೊಲ್ಲುತ್ತಿದ್ದರು. ಅಂದು ತೋಳು ಮುಂದೆ ಮಾಡಿದ ಶ್ರಾವಕನಿಗೆ ಇದೆಲ್ಲ ಎಷ್ಟು ತಿಳಿದಿತ್ತೋ! ತಿಳಿದವನಿಗೆ ಅದು ಸುಲಭದ ನಿರ್ಣಯವಾಗಿರಲಾರದು. ಆದ್ದರಿಂದ ಹುಬ್ಬಳ್ಳಿ ಶುದ್ಧ ಅಹಿಂಸೆಯಿಂದ ಉಳಿಯಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರು ಬಿಟ್ಟು ಹೋದುದು ಮತ್ತು ಲಸಿಕೆ, ಇವೆರಡೇ ಅಂದಿನ ಮುಖ್ಯ ಆಸರೆಗಳಾಗಿದ್ದವೆಂದು ಮಾತ್ರ ಹೇಳಬಹುದು.

ಹಾಗಾದರೆ ಇಲಿಯನ್ನು ಕೊಲ್ಲುವುದರಿಂದ ಆದ ಉಪಯೋಗವೇನು? 1898ರ ಜೂನ್ ತಿಂಗಳಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗವನ್ನು ಇಲಿಯಿಂದ ಇಲಿಗೆ ಒಯ್ಯುವುದು ಅದರ ಮೈಮೇಲಿನ ಚಿಗಟವೆಂದು ತೋರಿಸಿದ್ದ. ಬಹುಮಂದಿ ಅದನ್ನು ನಂಬಲಿಲ್ಲ. 1905ರಲ್ಲಿ ಆರಂಭವಾದ ಸಂಶೋಧನಾ ಆಯೋಗ ಮುಂಬಯಿಯ ರೋಗಪೀಡಿತ ಮನೆಗಳಲ್ಲಿ ಗಿನಿಯಿಲಿಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಿತು. ಚಿಗಟ ಹೊಗದಂತೆ ಸಣ್ಣ ಜಾಲರಿ ಕಟ್ಟಿದ ಅಥವಾ ಸುತ್ತಲೂ ಅಂಟುಕಾಗದ ಹಾಸಿದ ಪಂಜರಗಳಲ್ಲಿದ್ದವು ಬದುಕಿಕೊಂಡವು. ಬಯಲಾಗಿದ್ದವುಗಳಿಗೆ ರೋಗ ತಗಲಿತು. ಅಂಟು ಆಗ ಹಿಡಿದದ್ದು ಚಿಗಟವನ್ನು.

ಇದರಿಂದ ಹೊರಡುವ ಅರ್ಥ ಗಮನಾರ್ಹ. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟ ಬೇರೆ ಬಿಸಿ ಮೈಯನ್ನು ಹುಡುಕುತ್ತದೆ. ಹತ್ತಿರದಲ್ಲಿ ಇಲಿ ಇಲ್ಲದಿದ್ದರೆ ಮನುಷ್ಯನ ಕಾಲು ಸಿಗುತ್ತದೆ. ಆದುದರಿಂದಲೇ ಪ್ಲೇಗು ಹಬ್ಬಿದಾಗ ಮೊದಲು ಚಿಗಟವನ್ನು ಅಡಗಿಸದೆ ಇಲಿಗಳನ್ನು ಕೊಲ್ಲಬಾರದೆಂದು ಇಂದಿನ ಆರೋಗ್ಯತಜ್ಞರು ವಿಧಿಸುತ್ತಾರೆ. ಮುಂಬಯಿಯಲ್ಲಿ ವರ್ಷವರ್ಷವೂ ಅಸಂಖ್ಯ ಇಲಿಗಳನ್ನು ಕೊಂದರು. ಪ್ಲೇಗು ಮಾತ್ರ ವರ್ಷವರ್ಷವೂ ಮರಳಿತು. ಧಾರವಾಡ ಜಿಲ್ಲೆಗೂ ಅದು ಮತ್ತೆ ಮತ್ತೆ ಬಂದಿತು. ಉಳಿದ ಇಲಿಗಳಿಗೆ ಕಾಳೂ ಬಿಲವೂ ಹೇರಳವಾಗಿ ದೊರೆತರೆ ಅವು ಕೆಲವೇ ತಿಂಗಳಲ್ಲಿ ಮೊದಲಿನಷ್ಟಾಗುತ್ತವೆ. ಸಣ್ಣ ಇಲಿ ಮೂರು ವಾರ ಗರ್ಭ ಧರಿಸಿ ಒಮ್ಮೆಗೆ ಐದಾರು ಮರಿ ಹಾಕುವ ಪ್ರಾಣಿ.

ನಮ್ಮ ಹಿರಿಯರ ಉಪಾಯ ಬೇರೆ ಬಗೆಯದಾಗಿತ್ತು. ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಾಲು, ಬೆಣ್ಣೆ ನೆಲುವಿನಲ್ಲಿ ತೂಗುತ್ತಿದ್ದವು. ಬೇಳೆಕಾಳು ಅಡಕಲ ಗಡಿಗೆಗಳಲ್ಲಿರುತ್ತಿತ್ತು. ಹಾಗೆಂದು ಹಳೆಯ ಮನೆಗಳಲ್ಲಿ ಇಲಿ ಇರಲಿಲ್ಲವೆಂದು ಭಾವಿಸಬಾರದು. ಮಣ್ಣಿನ ಮಾಳಿಗೆ ಅವುಗಳ ಸ್ವರ್ಗವೇ ಆಗಿತ್ತು, ಇಲಿ ಪಾಷಾಣವೂ ಪೇಟೆಯಲ್ಲಿ ಮಾರಾಟವಾಗುತ್ತಿತ್ತು. ಆದರೂ ಕಾಳನ್ನು ಕಾಯುವುದು ಮೊದಲು, ಇಲಿಯ ಮಾತು ಆಮೇಲೆ ಎಂಬ ಕ್ರಮವೊಂದಿತ್ತು. ಇಂದಿನ ಸಿಮೆಂಟಿನ ಮನೆಯಲ್ಲಿ ಆ ಕ್ರಮ ತಲೆಕೆಳಗಾಗಿದೆ. ಅಕ್ಕಿಯ ಚೀಲ ಬಾಯಿಬಿಟ್ಟು ನೆಲದ ಮೇಲೆ ಕೂತಿರುತ್ತದೆ, ರಾತ್ರಿಯ ಮುಸುರೆ ಮೋರಿಯಲ್ಲಿರುತ್ತದೆ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿಯಿರುತ್ತದೆ. ಸಣ್ಣ ಇಲಿಗೆ ಪೆನ್ಸಿಲು ಹಿಡಿಸುವಷ್ಟು ತೂತು ಸಾಕು.

ಈಗ ಧರ್ಮದ ಮಾತು. ಗೃಹಸ್ಥನಿಗೆ ಎಲ್ಲ ಹಿಂಸೆಯೂ ಬಿಡಲಾಗದೆಂದು ಆಚಾರ್ಯರು ಬಲ್ಲರು. ಅದಕ್ಕಾಗಿಯೇ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ವಿಂಗಡಣೆ. ಪ್ಲೇಗಿನ ದಿನಗಳಲ್ಲಿ ಮಕ್ಕಳ ಪ್ರಾಣಕ್ಕಾಗಿ ಇಲಿ ಕೊಂದವನನ್ನು ವಿರೋಧಿ ಹಿಂಸೆಯ ಲೆಕ್ಕದಲ್ಲಿ ಕ್ಷಮಿಸಬಹುದು. ನಾನಂತೂ ಅವನ ಮೇಲೆ ಬೆರಳು ತೋರಿಸಲಾರೆ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆಯಿರಿ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಕಟ್ಟಿಹಾಕುವುದು ಮೊದಲನೆಯದು, ಅನ್ನನೀರು ತಪ್ಪಿಸುವುದು ಕೊನೆಯದು. ಅಂಟುಹಲಗೆ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಬಿಡಿಸಿಕೊಳ್ಳಲು ಹೆಣಗಿ ಚರ್ಮ ಕಿತ್ತುಕೊಂಡರೆ ಛೇದವೂ ಸೇರುತ್ತದೆ. ಪಂಜರದ ಬೋನು ಮೇಲೆಂದು ಬೀಗುವವರೂ ಎಚ್ಚರದಿಂದಿರಬೇಕು. ರಾತ್ರಿ ಇಟ್ಟ ಬೋನನ್ನು ಎರಡು ದಿನ ಮರೆತರೆ ಅದೂ ಅನ್ನಪಾನನಿರೋಧವೇ. ತಾಯಿಯನ್ನು ಹಿಡಿದೊಯ್ದರೆ ಕಣ್ಣು ಬಿಡದ ಮರಿಗಳು ಗೋಡೆಯೊಳಗೆ ಹಸಿದು ಸಾಯುತ್ತವೆ. ಇನ್ನು ಹಿಡಿದ ಇಲಿಯನ್ನು ಪಕ್ಕದ ಓಣಿಯವರ ಹಿತ್ತಲಲ್ಲಿ ಬಿಟ್ಟು ಬರುವ ಅಹಿಂಸೆಯ ಬಗ್ಗೆ ನಾನು ಏನೂ ಹೇಳದಿರುವುದೇ ಒಳ್ಳೆಯದು!

ಇನ್ನೊಂದು ಮಾತು ನಮ್ಮಲ್ಲಿಯ ವ್ಯಾಪಾರಿಗಳಿಗೆ ಹಿತವಾಗದಿರಬಹುದು. ಸಮಂತಭದ್ರಾಚಾರ್ಯರು ಅನರ್ಥದಂಡದಲ್ಲಿ ಹಿಂಸಾದಾನವನ್ನು, ಅಂದರೆ ವಿಷ ಆಯುಧಾದಿ ಕೊಲ್ಲುವ ಸಾಧನಗಳನ್ನು ಇತರರಿಗೆ ಕೊಡುವುದನ್ನು ಹೇಳಿದ್ದಾರೆ. ಹೇಮಚಂದ್ರಾಚಾರ್ಯರು ಶ್ರಾವಕನು ಬಿಡಬೇಕಾದ ಕಸುಬುಗಳಲ್ಲಿ ವಿಷವಾಣಿಜ್ಯವನ್ನು ಸೇರಿಸಿದ್ದಾರೆ. ದಿಗಂಬರರಿಗೂ ಶ್ವೇತಾಂಬರರಿಗೂ ಇಲ್ಲಿ ಭಿನ್ನಮತವಿಲ್ಲ. ಅಂಟುಹಲಗೆಗಳನ್ನು ತಡೆಯಬೇಕೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿಯೇ ರಾಜ್ಯಗಳಿಗೆ ಬರೆಯಿತು. ಸರಕಾರದ ಸುತ್ತೋಲೆಗೆ ಕಾಯದೆ ನಮ್ಮ ಅಂಗಡಿಗಳ ಕಪಾಟಿನಿಂದ ಅವನ್ನು ಇಳಿಸಲು ಸಾವಿರ ವರ್ಷದ ಹಿಂದಿನ ಶಾಸ್ತ್ರ ಸಾಲದೆ? ಆ ಹಲಗೆಯನ್ನು ಮಾರಿದವರು ಯಾರೆಂದು ನಾನು ಆ ಶ್ರಾವಿಕೆಯನ್ನು ಕೇಳಲಿಲ್ಲ.

ವಾರದ ತರುವಾಯ ಅವರ ಮನೆಗೆ ಹೋಗಿದ್ದೆ. ಎಣ್ಣೆ ಸವರಿ ಬಿಡಿಸಿದ ಇಲಿ ಮಧ್ಯಾಹ್ನದವರೆಗೆ ಹಿತ್ತಲ ತುಳಸಿಕಟ್ಟೆಯ ಬಳಿ ಕೂತಿತ್ತಂತೆ, ಆಮೇಲೆ ಕಾಣಲಿಲ್ಲ. ಸೊಸೆಗೆ ಹುಬ್ಬಳ್ಳಿಯ ಪ್ಲೇಗಿನ ಕಥೆಯನ್ನೆಲ್ಲ ಹೇಳಿದೆ. ಆಕೆ ಸುಮ್ಮನೆ ಕೇಳಿ, “ಹಂಗಾರ ಅದು ಎಲ್ಲಿಂದ ಬರ್ತೈತಿ ತೋರಸ್ರಿ” ಎಂದರು. ಇಬ್ಬರೂ ಸೇರಿ ಗ್ಯಾಸಿನ ಒಲೆಯ ಹಿಂದಿನ ಡಬ್ಬಿಗಳನ್ನು ಸರಿಸಿ ನೋಡಿದೆವು. ಬಚ್ಚಲಿನ ನೀರಿನ ಕೊಳವೆ ಗೋಡೆ ಹಾಯುವಲ್ಲಿ ಹೆಬ್ಬೆರಳು ತೂರುವಷ್ಟು ಕಂಡಿ ಇತ್ತು. ಮರುದಿನ ಗೌಂಡಿಯೊಬ್ಬ ಬಂದು ತಂತಿಯ ಜಾಲರಿ ತುರುಕಿ ಸಿಮೆಂಟು ಮೆತ್ತಿ ಹೋದನು.