ಗುರುತು ಸಿಕ್ಕಿಯೂ ಗುರುತಿಸಲಾಗದ ಕರೆ: ಬಣಕಲ್ ಸೀಮೆಯ ಗ್ರಾಹಕರು ಮತ್ತು ಕನ್ನಡ ಕಾಲ್ ಸೆಂಟರ್

ಕಾಲ್ ಸೆಂಟರ್ ನೌಕರರ ಬಳಲಿಕೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರನ್ನು ಮುಂದಿಟ್ಟುಕೊಂಡು ವಿವರಿಸಿದ ‘ಭಾವದುಡಿಮೆ’ ಎಲ್ಲರಿಗೂ ಆಧಾರ. ರೀನಾ ಪಟೇಲ್ (2010) ರಾತ್ರಿ ಪಾಳಿಯ ಹೆಣ್ಣುಮಕ್ಕಳ ಬಗ್ಗೆ ಬರೆದರು. ಕಿರಣ್ ಮಿರ್ಚಂದಾನಿ (2012) ಭಾರತೀಯ ನೌಕರ ತಾನು ‘ಅಸಲಿ’ ಎಂದು ವಿದೇಶಿ ಗ್ರಾಹಕನಿಗೆ ನಂಬಿಸಬೇಕಾದ ಪಾಡನ್ನು ಬಿಡಿಸಿಟ್ಟರು. ಈ ಇಬ್ಬರದ್ದೂ ಸಮುದ್ರದಾಚೆಯ ಕರೆಗಳ ಕಥೆ. ಕನ್ನಡದಲ್ಲೇ ಕರೆ ಬಂದು ಕನ್ನಡದಲ್ಲೇ ಮುಗಿಯುವ ‘ಕನ್ನಡ ಪ್ರೋಸೆಸ್’ ಈ ಚರ್ಚೆಯ ಅಂಚಿನಲ್ಲೇ ಉಳಿದಿದೆ.

ನನ್ನ ತಕರಾರು ಎ. ಅನೀಶ್ ಅವರೊಂದಿಗೆ. ಗುರುಗ್ರಾಮದ ಕಾಲ್ ಸೆಂಟರಿನಲ್ಲಿ ಸ್ವತಃ ದುಡಿದು ಅವರು ಬರೆದ ‘ನ್ಯೂಟ್ರಲ್ ಆಕ್ಸೆಂಟ್’ (2015) ಒಂದು ಮಹತ್ವದ ಭೇದವನ್ನು ಮಾಡುತ್ತದೆ. ಮನುಷ್ಯನಿಗೆ ಊರು, ನಂಟು, ಮಾತಿನಿಂದ ಬರುವ ಸಾಮಾಜಿಕ ಗುರುತು ಬೇರೆ. ದತ್ತಾಂಶ ಕಟ್ಟಿಕೊಡುವ ‘ವ್ಯವಸ್ಥೆಯ ಗುರುತು’ ಬೇರೆ. ಜಾಗತಿಕ ವ್ಯವಹಾರ ಎರಡನೆಯದರ ಮೇಲೆ, ಮೊದಲನೆಯದನ್ನು ಬದಿಗಿಟ್ಟು ನಡೆಯುತ್ತದೆ ಎಂಬುದು ಅವರ ವಾದದ ಒಂದು ಎಳೆ. ಭೇದವನ್ನು ಒಪ್ಪುತ್ತೇನೆ. ಆದರೆ ಈ ಬದಿಗಿಡುವಿಕೆ ವ್ಯವಸ್ಥೆಯ ಗುಣವೋ, ದೂರದ ಫಲವೋ? ಅಮೆರಿಕದ ಗ್ರಾಹಕನ ಸಾಮಾಜಿಕ ಗುರುತು ಗುರುಗ್ರಾಮದ ಕಿವಿಗೆ ಸಿಕ್ಕುವುದೇ ಕಷ್ಟ. ಸಿಕ್ಕುವ ಕಡೆ ಏನಾಗುತ್ತದೆಂದು ನೋಡಬೇಕು.

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 73ರ ಮೇಲಿರುವ ಬಣಕಲ್ ಹೋಬಳಿಯನ್ನು ಇದಕ್ಕಾಗಿ ಆರಿಸಿಕೊಂಡಿದ್ದೇನೆ. ಇಲ್ಲಿಯ ಸಣ್ಣ ಕಾಫಿ ಬೆಳೆಗಾರ ಕುಟುಂಬದ ಹಿರಿಯ ಹೆಂಗಸೊಬ್ಬರ ಕಾಗದಗಳನ್ನು ಮಾದರಿಯಾಗಿ ಕಲ್ಪಿಸಿಕೊಳ್ಳೋಣ. ಪಹಣಿಯಲ್ಲಿ ಅವರು ‘ಲಕ್ಷ್ಮಮ್ಮ ಕೋಂ ರಾಮೇಗೌಡ’. ರೇಷನ್ ಕಾರ್ಡಿನಲ್ಲಿ ಬರಿಯ ‘ಲಕ್ಷ್ಮಿ’. ಆಧಾರಿನಲ್ಲಿ ಗಂಡನ ಹೆಸರು ಅವರ ಹೆಸರಿಗೇ ಅಂಟಿಕೊಂಡಿದೆ. ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ರೋಮನ್ ಲಿಪಿಗೆ ಇಳಿಸುವಾಗ ‘ಕ್ಷ’ ಅಕ್ಷರವನ್ನು ಒಬ್ಬೊಬ್ಬ ಆಪರೇಟರ್ ಒಂದೊಂದು ಬಗೆಯಲ್ಲಿ ಟೈಪು ಮಾಡಿರುತ್ತಾನೆ. ಪ್ರಭುತ್ವಕ್ಕೆ ಜನ ‘ಓದಲು’ ಸಿಗಲೆಂದೇ ಕಾಯಂ ಕುಲನಾಮಗಳು ಹುಟ್ಟಿದವೆಂದು ಜೇಮ್ಸ್ ಸ್ಕಾಟ್ ಮತ್ತು ಸಂಗಡಿಗರು 2002ರಲ್ಲಿ ವಾದಿಸಿದರು. ಮಲೆನಾಡಿನಲ್ಲಿ ಆ ಕೆಲಸ ಅರ್ಧಕ್ಕೇ ನಿಂತಿದೆ ಎನ್ನಬಹುದು.

ಇನ್ನು ಜನ್ಮದಿನಾಂಕ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ತಲೆಮಾರು ಕರ್ನಾಟಕದ ಎಲ್ಲ ಕಡೆಯೂ ಇದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರು ಆಧಾರ್ ನೋಂದಣಿಯಲ್ಲಿ ವಯಸ್ಸು ಮಾತ್ರ ಹೇಳಿದಾಗ ಜನವರಿ 1 ಬಿತ್ತು. ಹೀಗಾಗಿ ಫೋನಿನಲ್ಲಿ ಕೇಳುವ ಗುಟ್ಟಿನ ಪ್ರಶ್ನೆಗೆ ಉತ್ತರ ಖಾತೆದಾರರಿಗೇ ಗೊತ್ತಿಲ್ಲ, ಕಳ್ಳ ಮಾತ್ರ ಸುಲಭವಾಗಿ ಊಹಿಸಬಲ್ಲ! ಇಂಥ ಖಾಸಗಿ ಮಾಹಿತಿಯ ಪ್ರಶ್ನೋತ್ತರವನ್ನು ಡಿಜಿಟಲ್ ದೃಢೀಕರಣಕ್ಕೆ ಒಪ್ಪಲಾಗದೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ.

ಆದರೆ ಫೋನಿನಲ್ಲಿ ಗುರುತು ಕೇಳುವ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 2006ರ ಹ್ಯೂಲೆಟ್-ಪ್ಯಾಕರ್ಡ್ ಹಗರಣದಲ್ಲಿ ಖಾಸಗಿ ಪತ್ತೇದಾರರು ನಿರ್ದೇಶಕರು, ಪತ್ರಕರ್ತರ ಹೆಸರು ಹೇಳಿಕೊಂಡು ಅವರ ಫೋನ್ ದಾಖಲೆಗಳನ್ನು ಪಡೆದಿದ್ದರು. ಮರುವರ್ಷ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ, ಕರೆ ಮಾಡಿದವನಿಗೆ ಕರೆಗಳ ವಿವರ ಕೊಡುವ ಮುನ್ನ ಪಾಸ್‌ವರ್ಡ್ ಕೇಳಬೇಕು, ಇಲ್ಲವೇ ದಾಖಲಾದ ನಂಬರಿಗೇ ತಿರುಗಿ ಕರೆ ಮಾಡಬೇಕೆಂದು ವಿಧಿಸಿತು. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2016ರ ಕೆವೈಸಿ ನಿರ್ದೇಶನ ಗ್ರಾಹಕರ ದಾಖಲೆಗಳಿಗೆ ಚೌಕಟ್ಟು ಹಾಕಿತು. ಕಾಲ್ ಸೆಂಟರಿನ ಪ್ರಶ್ನಾವಳಿ ಆ ದಾಖಲೆಯನ್ನೇ ಪರಮಸತ್ಯವೆಂದು ಹಿಡಿಯುತ್ತದೆ.

ಈಗ ಕರೆಗೆ ಬರೋಣ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಖಾತೆಗೆ ಬಂತೋ ಇಲ್ಲವೋ ತಿಳಿಯಲು ಲಕ್ಷ್ಮಮ್ಮ ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡುತ್ತಾರೆ. ಆ ಕಡೆ ಕೂತ ಹುಡುಗಿ ಮೂಡಿಗೆರೆಯವಳೇ ಎಂದಿಟ್ಟುಕೊಳ್ಳಿ. ಮಾತಿನ ಎಳೆತ, ಹಿನ್ನೆಲೆಯ ಮಳೆ, ‘ಕರೆಂಟಿಲ್ಲ ಮಾರಾಯ್ತಿ, ಬೇಗ ಹೇಳು’ ಎಂಬ ಸಲಿಗೆ, ಎಲ್ಲವೂ ಅವಳಿಗೆ ಗೊತ್ತಿರುವಂಥವೇ. ಆದರೆ ರಿಜಿಸ್ಟರ್ಡ್ ನಂಬರ್ ಬೆಂಗಳೂರಿನಲ್ಲಿರುವ ಮಗನದ್ದು. ಎಸ್ಟೇಟ್ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಯವರಾಗಿದ್ದರೆ ತೋಟದ ಗುಮಾಸ್ತನಾದ ರೈಟರದ್ದೂ ಆಗಿರಬಹುದಿತ್ತು. ಒಟಿಪಿ ಅಲ್ಲಿಗೆ ಹೋಗುತ್ತದೆ. ಹುಟ್ಟಿದ ತಾರೀಕು ಕೇಳಿದರೆ ‘ಜನವರಿ ಒಂದು ಅನ್ನಮ್ಮ’ ಎಂದು ಪಕ್ಕದಿಂದ ಯಾರೋ ಪಿಸುಗುಡುವುದು ಕೇಳಿಸುತ್ತದೆ. ನಿಯಮದಂತೆ, ಹೇಳಿಕೊಟ್ಟ ಉತ್ತರ ಉತ್ತರವಲ್ಲ: ವೆರಿಫಿಕೇಶನ್ ಫೇಲ್. ಕೇಳಿಸದವಳಂತೆ ಮುಂದುವರಿದರೆ ಗುಣಮಟ್ಟ ತಪಾಸಣೆಯಲ್ಲಿ ಅದು ‘ಫೇಟಲ್’. ಇಡೀ ಕರೆಯ ಅಂಕವೇ ಸೊನ್ನೆಗಿಳಿಯಬಹುದು. ಅತ್ತ ಅಮ್ಮನಿಗೂ ಅನುಮಾನ: ಯಾರಿಗೂ ವಿವರ ಹೇಳಬೇಡಿ ಎಂದು ಬ್ಯಾಂಕಿನವರೇ ಸಾರಿರುವಾಗ ಇವಳೇಕೆ ಕೇಳುತ್ತಾಳೆ?

ನನ್ನ ಪ್ರತಿಪಾದನೆ ಇಷ್ಟು. ಈ ನೌಕರಳ ಹತಾಶೆ ಮುಖ್ಯವಾಗಿ ಭಾವದುಡಿಮೆಯದ್ದಲ್ಲ, ತಿಳಿದದ್ದನ್ನು ತಿಳಿದಿಲ್ಲವೆಂಬಂತೆ ನಡೆಯಬೇಕಾದ ಕಟ್ಟಳೆಯದ್ದು. ನಗುಮುಖದ ದನಿ ಹೊರಡಿಸುವುದಕ್ಕಿಂತ ಕಿವಿ ಕೊಟ್ಟ ಸಾಕ್ಷ್ಯವನ್ನು ಅಳಿಸಿಹಾಕುವುದು ಬೇರೆ ಜಾತಿಯ ಶ್ರಮ. ‘ಮುಖ್ಯವಾಗಿ’ ಎಂದೆ, ಸಂಪೂರ್ಣವಾಗಿ ಅಲ್ಲ. ಬೈಗುಳ, ಕರೆಯ ಸರಾಸರಿ ಅವಧಿಯ ಒತ್ತಡ ಇಲ್ಲಿಯೂ ಇವೆ. ನೌಕರಳು ಕರಾವಳಿಯವಳೋ ಕಲಬುರಗಿಯವಳೋ ಆಗಿದ್ದರೆ ವಾದ ಸಡಿಲಗೊಳ್ಳುತ್ತದೆ. ಕಿವಿಯ ಗುರುತು ಪುರಾವೆಯೆಂದೂ ನಾನು ಹೇಳುತ್ತಿಲ್ಲ. ಅದು ಮಲೆನಾಡಿನ ಹೆಂಗಸೊಬ್ಬರ ದನಿ ಎಂದು ತಿಳಿಸೀತೇ ಹೊರತು ಖಾತೆ ಅವರದ್ದೇ ಎಂದಲ್ಲ. ಅಮ್ಮನ ಹುಟ್ಟಿದ ತಾರೀಕು, ಆಧಾರ್ ನಂಬರ್ ಬಾಯಿಪಾಠ ಇರುವ ಮನೆಯ ಹುಡುಗನೇ ದುಡ್ಡು ಎತ್ತಬಹುದು. ಅದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಕಿವಿಗೆ ಅಧಿಕಾರ ಕೊಟ್ಟರೆ ನಮ್ಮ ಕಡೆಯವರ ಕೆಲಸ ಸಲೀಸಾಗಿ, ಕಾಫಿ ಕೊಯ್ಲಿಗೆ ಬಂದ ಅಸ್ಸಾಮಿನ ಕಾರ್ಮಿಕ ಬಾಗಿಲಲ್ಲೇ ನಿಲ್ಲುತ್ತಾನೆ. ಕುರುಡು ಪ್ರಶ್ನಾವಳಿಗೆ ಅಷ್ಟರಮಟ್ಟಿನ ನ್ಯಾಯವಿದೆ.

ಹಾಗಾದರೆ ತೊಂದರೆ ಬರಿಯ ನೆಟ್‌ವರ್ಕಿನದ್ದೋ, ಗ್ರಾಹಕರ ಅನಕ್ಷರತೆಯದ್ದೋ ಎನ್ನುವವರಿಗೆ ಮೆಸ್ಕಾಂನ 1912 ಸಹಾಯವಾಣಿಯನ್ನು ತೋರಿಸಬಹುದು. ಅದೇ ಅಮ್ಮ, ಅದೇ ಮಳೆ, ಅದೇ ಕಡಿದುಹೋಗುವ ಲೈನು. ಅಲ್ಲಿ ಕೆಲಸಕ್ಕೆ ಬರುವುದು ಬಿಲ್ಲಿನ ಮೇಲಿನ ಆರ್‌ಆರ್ ನಂಬರ್, ಇಲ್ಲವೇ ಊರು. 108 ಆಂಬುಲೆನ್ಸಿಗೂ ಮೊದಲು ಬೇಕಾದದ್ದು ಜಾಗ. ‘ಎಲ್ಲಿ’ ಎಂದು ಕೇಳಿದಾಗ ಊರಿನ ತಿಳಿವಳಿಕೆ ನೌಕರರಿಗೆ ಬಂಡವಾಳ. ‘ಯಾರು’ ಎಂದು ಕೇಳಿದ ಕೂಡಲೇ ಅದೇ ತಿಳಿವಳಿಕೆ ಅಪರಾಧಕ್ಕೆ ಹತ್ತಿರ. ದುಡ್ಡಿನ ಕರೆಗೂ ವಿದ್ಯುತ್ ದೂರಿಗೂ ಅಪಾಯ ಒಂದೇ ಅಲ್ಲ ಎಂಬುದು ನಿಜ, ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು.

ಅನೀಶರ ಎರಡು ಗುರುತುಗಳು ಕನ್ನಡ ಪ್ರೋಸೆಸ್ಸಿನಲ್ಲಿ ದೂರದೂರ ನಿಲ್ಲುವುದಿಲ್ಲ, ಒಂದೇ ಹೆಡ್‌ಫೋನಿನೊಳಗೆ ಡಿಕ್ಕಿ ಹೊಡೆಯುತ್ತವೆ ಎಂಬಷ್ಟನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇನೆ. ಆಧಾರ ಮಾದರಿ ಕಾಗದಪತ್ರಗಳದ್ದು ಮತ್ತು ಮಾದರಿ ಕರೆಯದ್ದು. ಧ್ವನಿಮುದ್ರಿತ ಕರೆಗಳನ್ನಿಟ್ಟು ಪರೀಕ್ಷಿಸುವ ಕೆಲಸ ಬಾಕಿಯಿದೆ. ಪಕ್ಕದಲ್ಲಿ ಪಿಸುಗುಟ್ಟಿದ ಆ ಮನೆಯವರ ಸ್ಥಾನವೂ ತೀರ್ಮಾನವಾಗಿಲ್ಲ. ಅಮ್ಮನ ಒಪ್ಪಿಗೆಯಿಂದಲೇ ಅಮ್ಮನ ಪರವಾಗಿ ಮಾತಾಡುವವರನ್ನು ವಂಚಕರಿಂದ ಬೇರ್ಪಡಿಸಿ ದಾಖಲಿಸುವ ದಾರಿ ಯಾವುದು, ತೋಟದ ರೈಟರಿಗೂ ಅದು ಅನ್ವಯಿಸಬೇಕೇ ಎಂಬುದನ್ನು ಕಾನೂನು ಬಲ್ಲವರು ಚರ್ಚಿಸಬೇಕು.