ಚೀನಾ ದೇಶದ ಚಂದ್ರಭಕ್ಷ್ಯ: ಐತಿಹ್ಯವೂ ಇತಿಹಾಸವೂ

ಚೀನೀ ಪಂಚಾಂಗದ ಎಂಟನೆಯ ತಿಂಗಳ ಹುಣ್ಣಿಮೆಯಂದು ಚೀನೀಯರು ಮಧ್ಯಶರತ್ಕಾಲದ ಹಬ್ಬವನ್ನು ಆಚರಿಸುತ್ತಾರೆ. ಈ ದಿನ ಬಹುಮಟ್ಟಿಗೆ ನಮ್ಮ ಭಾದ್ರಪದ ಹುಣ್ಣಿಮೆಗೆ, ಕೆಲವು ವರ್ಷ ಆಶ್ವಯುಜ ಹುಣ್ಣಿಮೆಗೆ ಹೊಂದುತ್ತದೆ. ಅಂದು ಮನೆಮಂದಿಯೆಲ್ಲ ಒಂದುಗೂಡಿ ಚಂದ್ರದರ್ಶನ ಮಾಡಿ, 'ಯುಯೆಬಿಂಗ್' ಎಂಬ ದುಂಡನೆಯ ಭಕ್ಷ್ಯವನ್ನು ಹಂಚಿಕೊಂಡು ತಿನ್ನುವುದು ರೂಢಿ. ಕಣಕದೊಳಗೆ ಹೂರಣವನ್ನಿಟ್ಟು ಮಾಡುವ ಈ ತಿನಿಸನ್ನು ನಾವು ಚಂದ್ರಭಕ್ಷ್ಯವೆಂದು ಕರೆಯಬಹುದು. ಇದನ್ನು ಕುರಿತ ಒಂದು ಐತಿಹ್ಯ ಎಷ್ಟು ಪ್ರಸಿದ್ಧವೆಂದರೆ, ಅದನ್ನೇ ಇತಿಹಾಸವೆಂದು ನಂಬಿದವರು ಅನೇಕರು.

ಮಂಗೋಲರ ಯುವಾನ್ ಪ್ರಭುತ್ವದ ಕಡೆಗಾಲದಲ್ಲಿ ದಂಗೆಕಾರರು ಈ ಭಕ್ಷ್ಯದೊಳಗೆ ಚೀಟಿಗಳನ್ನು ಅಡಗಿಸಿ ಮನೆಮನೆಗೆ ಹಂಚಿದರೆಂದೂ, ಹುಣ್ಣಿಮೆಯ ಆ ಒಂದೇ ರಾತ್ರಿ ಜನರೆಲ್ಲ ಎದ್ದು ಮಂಗೋಲರನ್ನು ಕೊಂದರೆಂದೂ ಐತಿಹ್ಯ ಹೇಳುತ್ತದೆ. ಆದರೆ ಯುವಾನರ ಪತನ ಒಂದು ರಾತ್ರಿಯ ಕಾರ್ಯವಲ್ಲ. ಕ್ಷಾಮದಿಂದಲೂ ಹಳದಿ ನದಿಯ ನೆರೆಯಿಂದಲೂ ಕಂಗೆಟ್ಟ ಜನ 1351ರಲ್ಲಿ ದಂಗೆಯೆದ್ದರು. ಮಿಂಗ್ ವಂಶದ ಸ್ಥಾಪಕನಾದ ಜು ಯುವಾನ್‌ಜಾಂಗ್ 1356ರಲ್ಲಿ ನಾನ್‌ಜಿಂಗನ್ನು ಗೆದ್ದನು; 1363ರಲ್ಲಿ ಪೋಯಾಂಗ್ ಸರೋವರದ ಮಹಾಯುದ್ಧದಲ್ಲಿ ಅವನು ಸೋಲಿಸಿದ್ದು ಮಂಗೋಲರನ್ನಲ್ಲ, ತನ್ನಂತೆಯೇ ದಂಗೆಯೆದ್ದಿದ್ದ ಪ್ರತಿಸ್ಪರ್ಧಿಯನ್ನು. ರಾಜಧಾನಿ ದಾದು ಅವನ ಸೇನೆಯ ವಶವಾದುದು 1368ರಲ್ಲಿ. ಹದಿನೇಳು ವರ್ಷಗಳ ಈ ಹೋರಾಟವನ್ನು ಐತಿಹ್ಯ ಒಂದು ಇರುಳಿಗೆ ಇಳಿಸಿದೆ.

ಹಾಗಾದರೆ ಭಕ್ಷ್ಯದ ನಿಜವಾದ ಚರಿತ್ರೆಯೇನು? ಸೋಂಗ್ ವಂಶದ ರಾಜಧಾನಿ ಕೈಫೆಂಗ್ 1127ರಲ್ಲಿ ಜುರ್ಚೆನರ ಪಾಲಾದ ಮೇಲೆ, ಆ ನಗರದ ವೈಭವವನ್ನು ನೆನೆದು ಮೆಂಗ್ ಯುವಾನ್‌ಲಾವ್ ಎಂಬವನು 1147ರಲ್ಲಿ ಗ್ರಂಥವೊಂದನ್ನು ಮುಗಿಸಿದನು. ಅವನು ಈ ಹಬ್ಬದ ಹೊಸ ಮದ್ಯವನ್ನೂ ಏಡಿಯನ್ನೂ ದಾಳಿಂಬೆ ದ್ರಾಕ್ಷಿಗಳನ್ನೂ ವರ್ಣಿಸುತ್ತಾನೆ, ಚಂದ್ರಭಕ್ಷ್ಯವನ್ನು ಹೇಳುವುದಿಲ್ಲ. ಹದಿಮೂರನೆಯ ಶತಮಾನದ ಹಾಂಗ್‌ಜೌ ನಗರವನ್ನು ಕುರಿತು ಬರೆದ ವು ಜಿಮು ಮತ್ತು ಜೋ ಮಿ ಇವರಲ್ಲಿ ಹೆಸರೇನೋ ಬರುತ್ತದೆ. ಆದರೆ ಅದು ಅಂಗಡಿಗಳಲ್ಲಿ ದೊರೆಯುತ್ತಿದ್ದ ತಿಂಡಿಗಳ ಪಟ್ಟಿಯಲ್ಲಿ. ಅಂಥ ತಿಂಡಿಗಳು ಎಲ್ಲ ಋತುಗಳಲ್ಲಿಯೂ ದೊರೆಯುತ್ತಿದ್ದುವೆಂದು ವು ಜಿಮು ಹೇಳುತ್ತಾನೆ. ಹೆಸರು ಹುಟ್ಟಿತ್ತು, ಹಬ್ಬದ ನಂಟು ಇನ್ನೂ ಕಾಣುವುದಿಲ್ಲ.

ಆ ನಂಟು ಸ್ಪಷ್ಟವಾಗುವುದು ಮಿಂಗ್ ಕಾಲದಲ್ಲಿ. ಹದಿನಾರನೆಯ ಶತಮಾನದ ತ್ಯೆನ್ ರೂಚೆಂಗ್, ಹಾಂಗ್‌ಜೌ ಜನರು ಅಂದು ಪರಸ್ಪರ ಚಂದ್ರಭಕ್ಷ್ಯಗಳನ್ನು ಕಳುಹಿಸುವರೆಂದೂ ಅದರ ಅರ್ಥ ಕುಟುಂಬದ ಪುನರ್ಮಿಲನವೆಂದೂ ಬರೆದಿದ್ದಾನೆ. ಮಿಂಗ್ ಅರಮನೆಯ ನಪುಂಸಕ ಅಧಿಕಾರಿ ಲ್ಯೂ ರುವೋಯು ಮತ್ತೊಂದು ಸೊಗಸಾದ ಸಂಗತಿಯನ್ನು ತಿಳಿಸುತ್ತಾನೆ: ಉಳಿದ ಭಕ್ಷ್ಯವನ್ನು ಒಣ ಗಾಳಿಯಾಡುವೆಡೆಯಲ್ಲಿ ಕಾಪಾಡಿ, ವರ್ಷಾಂತ್ಯದಲ್ಲಿ ಮನೆಮಂದಿಯೆಲ್ಲ ಹಂಚಿ ತಿನ್ನುತ್ತಿದ್ದರು. ಅದಕ್ಕೆ 'ಮಿಲನದ ಭಕ್ಷ್ಯ' ಎಂದೇ ಹೆಸರು. ಕ್ವಿಂಗ್ ಕಾಲದಲ್ಲಿ ಪಾಕವೂ ದಾಖಲೆಗೆ ಬಂದಿತು. ಕವಿ ಯುವಾನ್ ಮೇ 1792ರ ತನ್ನ ಪಾಕಗ್ರಂಥದಲ್ಲಿ ಆಕ್ರೋಡು, ಕಲ್ಲಂಗಡಿ ಜಾತಿಯ ಬೀಜ, ಸಕ್ಕರೆ, ಹಂದಿಯ ಕೊಬ್ಬು ಮುಂತಾದುವುಗಳ ಹೂರಣವನ್ನು ವಿವರಿಸಿದ್ದಾನೆ.

ಹಬ್ಬದ ಭಕ್ಷ್ಯವನ್ನು ಕುರಿತ ಈ ಮಿಂಗ್ ವರ್ಣನೆಗಳಲ್ಲಿ ಚೀಟಿಯ ಕಥೆಯಿಲ್ಲ. ಮೌನವೊಂದೇ ಪೂರ್ಣ ಪ್ರಮಾಣವಾಗಲಾರದು, ನಿಜ. ಆದರೆ ತಮ್ಮ ರಾಜವಂಶದ ಉದಯಕ್ಕೆ ಕೀರ್ತಿ ತರಬಹುದಾಗಿದ್ದ ಕಥೆಯನ್ನು ಮಿಂಗ್ ಪ್ರಜೆಗಳೇ ಹೇಳದಿರುವುದು ಗಮನಾರ್ಹ.

ಮಿಲನವೆಂಬ ಮಾತನ್ನು ಕೂಡ ವಿಮರ್ಶೆಯಿಲ್ಲದೆ ಒಪ್ಪಲಾಗದು. ತವರಿಗೆ ಹೋದ ಹೆಣ್ಣುಮಗಳು ಅಂದು ಗಂಡನ ಮನೆಗೆ ಮರಳಲೇಬೇಕಿತ್ತೆಂದು 1635ರ ಬೀಜಿಂಗ್ ವರ್ಣನೆಯಲ್ಲಿ ಲ್ಯೂ ಟೊಂಗ್ ಹೇಳುತ್ತಾನೆ. ಒಂದು ಮನೆಯ ಕೂಟವೆಂದರೆ ಮತ್ತೊಂದು ಮನೆಯ ಅಗಲಿಕೆ. ಐತಿಹ್ಯವು ಭಕ್ಷ್ಯದೊಳಗೆ ಕತ್ತಿಯ ಕಥೆಯನ್ನು ಹುದುಗಿಸಿತು. ದಾಖಲೆಗಳು ತೆರೆದು ತೋರುವುದು ಅಂಗಡಿಯ ಸಾಮಾನ್ಯ ತಿಂಡಿಯೊಂದು ಮೆಲ್ಲಮೆಲ್ಲನೆ ಕುಟುಂಬದ ಲಾಂಛನವಾದ ಬಗೆಯನ್ನು. ಇತಿಹಾಸದ ವಿದ್ಯಾರ್ಥಿಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.